ಮಳೆ ಪುಸ್ತಕದ ಪಕ್ಕದಲ್ಲಿ ಒಂದು ಸಾಲು: ಬಿಡುವಿಲ್ಲದವರಿಗೆ ಬರೆಯುವ ಅಭ್ಯಾಸ

ನಮ್ಮ ಕೊಡಗಿನ ಎಸ್ಟೇಟುಗಳಲ್ಲಿ ‘ರೈಟರ್’ ಅಂದರೆ ಕಥೆ ಬರೆಯುವವರಲ್ಲ, ಚೆಕ್‌ರೋಲ್ ಬರೆಯುವವರು. ಇವತ್ತು ಎಷ್ಟು ಆಳು ಬಂದರು, ಯಾರು ಯಾವ ಕೆಲಸಕ್ಕೆ ಹೋದರು, ಎಷ್ಟು ಚೀಲ ಹಣ್ಣು ಬಂತು ಅಂತ ದಿನಾ ಬರೆದಿಡುವುದು ಅವರ ಕೆಲಸ. ನನ್ನ ಅಪ್ಪ ಅಂಥ ರೈಟರ್ ಆಗಿದ್ದರು. ಬೆಳಿಗ್ಗೆ ಏಳೂವರೆಗೆ ಮಳೆ ಮಾಪಕದ ನೀರನ್ನು ಗಾಜಿನ ಅಳತೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ಪುಸ್ತಕದಲ್ಲಿ ಬರೆಯುತ್ತಿದ್ದರು. ಒಂದು ಇಂಚು ಇಪ್ಪತ್ತು ಸೆಂಟ್. ಮೂವತ್ತೈದು ಸೆಂಟ್. ಹೀಗೆ. ಸೆಂಟ್ ಅಂದರೆ ಇಂಚಿನ ನೂರರಲ್ಲೊಂದು ಪಾಲು.

ಆ ಪುಸ್ತಕದ ಜನವರಿ, ಫೆಬ್ರವರಿ ಪುಟಗಳು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿವೆ. ಸಾಲು ಸಾಲಾಗಿ ಬರೀ ಸೊನ್ನೆ. ಮಳೆ ಬರದ ದಿನವೂ ಅಪ್ಪ ಮಾಪಕದ ಹತ್ತಿರ ಹೋಗಿ, ನೋಡಿ, ಸೊನ್ನೆ ಬರೆದು ಬರುತ್ತಿದ್ದರು. ಒಂದು ದಿನ ಕೇಳಿದೆ, “ಆಕಾಶ ನೋಡಿದರೇ ಗೊತ್ತಾಗುತ್ತದಲ್ಲ, ಹೋಗಿ ನೋಡುವುದು ಯಾಕೆ?” ಅಪ್ಪ ಹೇಳಿದರು, “ನೋಡದೆ ಬರೆದ ಸೊನ್ನೆ ಲೆಕ್ಕಕ್ಕಿಲ್ಲ ಮಗಳೇ.”

ಬರೆಯುವ ಆಸೆ ಇದ್ದೂ ಬರೆಯಲಾಗದೆ ಒದ್ದಾಡುವ ಯಾರನ್ನು ನೋಡಿದರೂ ನನಗೆ ಈ ಮಾತು ನೆನಪಾಗುತ್ತದೆ. ನಾನೂ ತುಂಬಾ ವರ್ಷ ಒದ್ದಾಡಿದವಳೇ. ಹಗಲಿಗೆ ಸೊಸೈಟಿ ಆಫೀಸಿನ ಕೆಲಸ, ಮನೆಗೆ ಬಂದರೆ ಮೂರು ಎಕರೆ ಕಾಫಿ, ಇಬ್ಬರು ಮಕ್ಕಳು, ವಯಸ್ಸಾದ ಅತ್ತೆ. ಪ್ರತಿ ಜನವರಿ ಒಂದರಂದು ಹೊಸ ಡೈರಿ ಶುರು ಮಾಡುತ್ತಿದ್ದೆ. ಕಾಫಿ ಕುಯ್ಲಿನ ಗಡಿಬಿಡಿಯಲ್ಲಿ ಸಂಕ್ರಾಂತಿ ಹೊತ್ತಿಗೆ ಅದು ನಿಂತುಹೋಗುತ್ತಿತ್ತು. ಮಾವ ತೀರಿಕೊಂಡ ಮೇಲೆ ನಮ್ಮ ಮನೆಯ ಮಳೆ ಅಳೆಯುವ ಕೆಲಸ ನನ್ನ ಪಾಲಿಗೆ ಬಂತು. ಒಂದು ದಿನ ಅಂಕಿಯ ಪಕ್ಕದಲ್ಲಿ ಖಾಲಿ ಜಾಗ ಕಂಡಿತು. ಅಲ್ಲಿ ಒಂದು ಸಾಲು ಬರೆದೆ. ಅದು ಈಗ ಆರು ವರ್ಷದ ಅಭ್ಯಾಸ. ನನಗೆ ದಾರಿ ಮಾಡಿಕೊಟ್ಟದ್ದನ್ನು ಹಂತ ಹಂತವಾಗಿ ಇಲ್ಲಿ ಹೇಳುತ್ತೇನೆ. ತೋಟ ಇಲ್ಲದವರಿಗೂ, ಮಳೆ ಮಾಪಕ ಇಲ್ಲದವರಿಗೂ ಇದು ಆಗುತ್ತದೆ.

ಮೊದಲು ಒಂದು ಗೂಟ ಹುಡುಕಿ

‘ದಿನಾ ಬರೆಯುತ್ತೇನೆ’ ಅಂದುಕೊಂಡರೆ ಸಾಲದು. ಯಾವ ಕೆಲಸ ಮುಗಿದ ತಕ್ಷಣ ಬರೆಯುತ್ತೇನೆ ಅಂತ ನಿಶ್ಚಯ ಆಗಬೇಕು. ಹಸುವನ್ನು ಗೂಟಕ್ಕೆ ಕಟ್ಟುವ ಹಾಗೆ, ಬರೆಯುವುದನ್ನು ಈಗಾಗಲೇ ತಪ್ಪದೆ ಮಾಡುವ ಒಂದು ಕೆಲಸಕ್ಕೆ ಕಟ್ಟಬೇಕು. ಗಡಿಯಾರದ ಸಮಯಕ್ಕೆ ಕಟ್ಟಬೇಡಿ. ಏಳು ಗಂಟೆ ಅಂತ ಇಟ್ಟುಕೊಂಡರೆ, ಏಳಕ್ಕೆ ನೆಂಟರು ಬಂದರೆ ಅವತ್ತಿನದು ಹೋಯಿತು. ‘ಬೆಲ್ಲದ ಕಾಫಿ ಕುಡಿದು ಲೋಟ ಕೆಳಗಿಟ್ಟ ಮೇಲೆ’ ಅಂತ ಇಟ್ಟುಕೊಂಡರೆ, ಕಾಫಿ ಎಂಟಕ್ಕಾದರೂ ಕುಡಿಯುತ್ತೀರಿ ತಾನೆ? ಬರೆಯುವುದೂ ಅದರ ಹಿಂದೆಯೇ ಬರುತ್ತದೆ.

ಅಂಗಡಿ ಇಟ್ಟವರಿಗೆ ಶಟರ್ ಎತ್ತಿ ದೀಪ ಹಚ್ಚಿದ ಮೇಲಿನ ಐದು ನಿಮಿಷ ಇದೆ. ಹಾಲು ಹಾಕುವವರಿಗೆ ಡೈರಿಯಿಂದ ವಾಪಸ್ ಬಂದ ಮೇಲಿನ ಹೊತ್ತು ಇದೆ. ಹೋಂಸ್ಟೇ ನಡೆಸುವವರು ಅತಿಥಿಗಳ ರಿಜಿಸ್ಟರ್ ಮುಚ್ಚಿದ ಕೂಡಲೇ ಬರೆಯಬಹುದು. ಮಾಂದಲ್‌ಪಟ್ಟಿಗೆ ಜೀಪ್ ಓಡಿಸುವವರು ಪ್ರವಾಸಿಗರು ಬೆಟ್ಟದ ಮೇಲೆ ಫೋಟೋ ತೆಗೆಸಿಕೊಳ್ಳುವಷ್ಟು ಹೊತ್ತು ಗಾಡಿಯಲ್ಲೇ ಕಾಯುತ್ತಾರೆ. ಆ ಕಾಯುವ ಹೊತ್ತು ಬರೆಯಲು ತುಂಬಾ ಒಳ್ಳೆಯದು. ಮನಸ್ಸು ಖಾಲಿ ಇರುತ್ತದೆ, ಕಣ್ಣ ಮುಂದೆ ನೋಡಲು ಬೇಕಾದಷ್ಟಿರುತ್ತದೆ.

ರಾತ್ರಿ ಮಲಗುವ ಮುಂಚೆ ಬರೆಯುತ್ತೇನೆ ಅನ್ನುವವರು ಜಾಸ್ತಿ. ನನಗೆ ಅದು ಒಗ್ಗಲಿಲ್ಲ. ದಿನದ ಕೊನೆಗೆ ಬಿಟ್ಟ ಕೆಲಸ ಸುಸ್ತಿನ ಪಾಲಾಗುತ್ತದೆ. ಕುಯ್ಲಿನ ತಿಂಗಳಲ್ಲಂತೂ ಹಾಸಿಗೆ ಕಂಡರೆ ಸಾಕು ಅನ್ನಿಸುತ್ತದೆ. ನಿಮ್ಮ ಮನೆಯಲ್ಲಿ ರಾತ್ರಿಯೇ ನೆಮ್ಮದಿ ಇದ್ದರೆ ರಾತ್ರಿಯೇ ಬರೆಯಿರಿ. ಆದರೆ ಊಟಕ್ಕೆ ಮುಂಚೆ ಬರೆಯಿರಿ.

ಅಳತೆ ಸಣ್ಣದಿರಲಿ

ದಿನಕ್ಕೆ ಒಂದು ಸಾಲು. ಇದನ್ನು ಕೇಳಿದರೆ ತುಂಬಾ ಜನಕ್ಕೆ ಸಮಾಧಾನ ಆಗುವುದಿಲ್ಲ. ಇಷ್ಟಕ್ಕೆ ಅಭ್ಯಾಸ ಅನ್ನಬೇಕಾ ಅಂತ ಕೇಳುತ್ತಾರೆ. ಹೌದು, ಅನ್ನಬೇಕು. ಜ್ವರ ಬಂದ ದಿನವೂ, ಮನೆಯಲ್ಲಿ ಮದುವೆ ಇರುವ ದಿನವೂ ಮಾಡಬಹುದಾದಷ್ಟು ಸಣ್ಣದಿದ್ದರೆ ಮಾತ್ರ ಅದು ಉಳಿಯುತ್ತದೆ. ಮನಸ್ಸು ಬಂದ ದಿನ ಎರಡು ಪುಟ ಬರೆಯಿರಿ, ಯಾರೂ ಬೇಡ ಅನ್ನುವುದಿಲ್ಲ. ಆದರೆ ಮಾರನೇ ದಿನಕ್ಕೆ ಆ ಎರಡು ಪುಟವನ್ನೇ ಅಳತೆ ಮಾಡಿಕೊಳ್ಳಬೇಡಿ. ಮತ್ತೆ ಒಂದೇ ಸಾಲಿಗೆ ಬನ್ನಿ. ಮೊದಲ ಎರಡು ತಿಂಗಳು ಈ ಅಳತೆಯನ್ನು ಹೆಚ್ಚಿಸಲೇಬೇಡಿ.

ಎರಡು ತಿಂಗಳು ಅಂದದ್ದಕ್ಕೆ ಕಾರಣ ಇದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲಾಲಿ ಮತ್ತು ಅವರ ಜೊತೆಗಾರರು 96 ಜನರನ್ನು 12 ವಾರ ಗಮನಿಸಿದರು. ದಿನಾ ಒಂದೇ ಸಂದರ್ಭದಲ್ಲಿ ಒಂದು ಸಣ್ಣ ಕೆಲಸ ಮಾಡಬೇಕು, ಊಟದ ಜೊತೆ ಹಣ್ಣು ತಿನ್ನುವಂಥದ್ದು. ಅದು ಯೋಚಿಸದೆ ತಾನಾಗಿ ಆಗುವ ಹಂತಕ್ಕೆ ಬರಲು ಸುಮಾರು 66 ದಿನ ಬೇಕಾಯಿತು ಅಂತ ಅವರು 2010ರಲ್ಲಿ ಪ್ರಕಟಿಸಿದರು. ಎಲ್ಲರಿಗೂ ಒಂದೇ ಅಲ್ಲ. ಕೆಲವರಿಗೆ 18 ದಿನ ಸಾಕಾಯಿತು, ಕೆಲವರಿಗೆ 254 ದಿನ ಬೇಕಾಗಬಹುದು ಅನ್ನುವ ಲೆಕ್ಕ ಸಿಕ್ಕಿತು. ಅದರಲ್ಲಿ ನನಗೆ ಧೈರ್ಯ ಕೊಟ್ಟ ವಿಷಯ ಇನ್ನೊಂದು. ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸ ಹಾಳಾಗಲಿಲ್ಲ.

ದಿನ ತಪ್ಪಿದಾಗ ಏನು ಮಾಡಬೇಕು ಅನ್ನುವುದನ್ನೂ ಮಳೆ ಪುಸ್ತಕವೇ ಹೇಳಿಕೊಡುತ್ತದೆ. ಒಂದು ದಿನ ಮಾಪಕ ನೋಡಲು ಆಗಲಿಲ್ಲ ಅಂದುಕೊಳ್ಳಿ. ಎರಡು ದಿನದ ನೀರೂ ಒಳಗೇ ಇರುತ್ತದೆ. ಮಾರನೇ ದಿನ ಅಳೆದು ‘ಎರಡು ದಿನದ್ದು’ ಅಂತ ಬರೆದರೆ ಮುಗಿಯಿತು. ಯಾರೂ ಪುಸ್ತಕ ಎಸೆಯುವುದಿಲ್ಲ. ಬರೆಯುವುದರಲ್ಲೂ ಹಾಗೇ ಮಾಡಿ. ಎರಡು ದಿನಕ್ಕೂ ಸೇರಿಸಿ ಒಂದು ಸಾಲು. ಬಾಕಿ ತೀರಿಸುತ್ತೇನೆ ಅಂತ ಹಳೆಯ ಹತ್ತು ದಿನದ್ದನ್ನು ಕೂತು ತುಂಬಿಸಲು ಹೋಗಬೇಡಿ. ನಾನು ಹಾಗೆ ಮಾಡಿ ಎರಡು ಸಲ ಬರೆಯುವುದನ್ನೇ ಬಿಟ್ಟಿದ್ದೆ.

ಪುಸ್ತಕ, ಪೆನ್ನು, ತೇವ

ನಮ್ಮ ಊರಿನ ಮಳೆಗಾಲದಲ್ಲಿ ಕಾಗದ ಮೆತ್ತಗಾಗುತ್ತದೆ, ರಟ್ಟಿನ ಮೇಲೆ ಬೂಷ್ಟು ಹಿಡಿಯುತ್ತದೆ. ಹಾಗಾಗಿ ಚೆಂದದ ದುಬಾರಿ ಡೈರಿ ಬೇಡ. 200 ಪುಟದ ಸಾದಾ ನೋಟ್‌ಬುಕ್ ಸಾಕು. ಜೆಲ್ ಪೆನ್ನಿನ ಶಾಯಿ ತೇವದ ಹಾಳೆಯಲ್ಲಿ ಹರಡುತ್ತದೆ. ಬಾಲ್ ಪೆನ್ನಿನ ಶಾಯಿಯಲ್ಲಿ ಎಣ್ಣೆ ಅಂಶ ಇರುವುದರಿಂದ ಅದು ನಿಲ್ಲುತ್ತದೆ. ಪುಸ್ತಕವನ್ನು ಮುಚ್ಚಳ ಬಿಗಿಯಾದ ಬಿಸ್ಕತ್ ಡಬ್ಬಿಯಲ್ಲಿಡಿ. ಜೊತೆಗೆ ಬಟ್ಟೆಯಲ್ಲಿ ಕಟ್ಟಿದ ಹುರಿದ ಅಕ್ಕಿಯ ಸಣ್ಣ ಗಂಟು ಹಾಕಿ, ಹದಿನೈದು ದಿನಕ್ಕೊಮ್ಮೆ ಬದಲಿಸಿ. ಪೆನ್ನನ್ನು ದಾರದಿಂದ ಪುಸ್ತಕಕ್ಕೇ ಕಟ್ಟಿ. ಮಕ್ಕಳಿರುವ ಮನೆಯಲ್ಲಿ ಪೆನ್ನು ಹುಡುಕುವುದರಲ್ಲೇ ಬರೆಯುವ ಹೊತ್ತು ಕಳೆದುಹೋಗುತ್ತದೆ.

ಡಬ್ಬಿ ಎಲ್ಲಿರಬೇಕು ಅನ್ನುವುದೂ ಮುಖ್ಯ. ಗೂಟದ ಹತ್ತಿರವೇ ಇರಬೇಕು. ಕಾಫಿ ಲೋಟ ಇಡುವ ಜಾಗದಲ್ಲಿ, ಎದ್ದು ಹೋಗದೆ ಕೈಗೆ ಸಿಗುವ ಹಾಗೆ. ಬೀರುವಿನೊಳಗೆ ಇಟ್ಟ ಪುಸ್ತಕ ತೆರೆಯುವುದು ಕಡಿಮೆ.

ಫೋನಿನಲ್ಲಿ ಬರೆಯಬಾರದಾ? ಬರೆಯಬಹುದು. ವಾಟ್ಸಾಪಿನಲ್ಲಿ ನಮಗೆ ನಾವೇ ಮೆಸೇಜ್ ಹಾಕಿಕೊಳ್ಳುವ ಸೌಲಭ್ಯ ಇದೆ. ಜೀಬೋರ್ಡ್ ಕೀಲಿಮಣೆಯಲ್ಲಿ ಮೈಕ್ ಒತ್ತಿ ಕನ್ನಡದಲ್ಲಿ ಹೇಳಿದರೆ ಅದೇ ಟೈಪ್ ಮಾಡುತ್ತದೆ. ಮಡಿಕೇರಿ–ಕುಶಾಲನಗರ ದಾರಿಯ ಬಸ್ಸಿನಲ್ಲಿ ನಾನು ಹೀಗೇ ಮಾಡುತ್ತೇನೆ, ಆ ತಿರುವುಗಳಲ್ಲಿ ತಲೆ ತಗ್ಗಿಸಿ ಬರೆದರೆ ಹೊಟ್ಟೆ ತೊಳಸುತ್ತದೆ. ಆದರೆ ಫೋನೊಂದನ್ನೇ ನಂಬಬೇಡಿ. ಜುಲೈನಲ್ಲಿ ಮರ ಬಿದ್ದು ಕರೆಂಟ್ ಹೋದರೆ ಎರಡು, ಮೂರು ದಿನ ಬರದಿರುವುದು ನಮಗೆ ಹೊಸದಲ್ಲ. ಕರೆಂಟಿನ ಹಿಂದೆ ನೆಟ್‌ವರ್ಕೂ ಹೋಗುತ್ತದೆ. ನನ್ನ ಫೋನ್ ಒಂದು ಸಲ ಮಳೆಯಲ್ಲಿ ನೆನೆದು ಸತ್ತಾಗ ಎಂಟು ತಿಂಗಳ ಟಿಪ್ಪಣಿ ಹೋಯಿತು. ಅತ್ತೆ ಹೇಳಿದ ಎರಡು ಹಳೆಯ ಕಥೆಗಳೂ ಅದರಲ್ಲಿದ್ದವು. ಈಗ ಬಸ್ಸಿನಲ್ಲಿ ಹೇಳಿದ್ದನ್ನು ಭಾನುವಾರ ಪುಸ್ತಕಕ್ಕೆ ಇಳಿಸಿಕೊಳ್ಳುತ್ತೇನೆ.

ಏನು ಬರೆಯುವುದು?

ಇಲ್ಲೇ ಹೆಚ್ಚಿನವರು ನಿಂತುಬಿಡುವುದು. ‘ನನ್ನ ಬದುಕಿನಲ್ಲಿ ಬರೆಯುವಂಥದ್ದು ಏನಿದೆ’ ಅನ್ನುತ್ತಾರೆ. ಏನನ್ನಿಸಿತು ಅಂತ ಬರೆಯಲು ಹೋದರೆ ಹಾಗಾಗುತ್ತದೆ. ‘ಇವತ್ತು ಬೇಜಾರಾಯಿತು’ ಅಂತ ಬರೆದರೆ ಮುಂದೆ ಸಾಲು ಹೊರಡುವುದಿಲ್ಲ. ಅದರ ಬದಲು ಕಂಡದ್ದನ್ನು, ಕೇಳಿದ್ದನ್ನು, ಎಣಿಸಿದ್ದನ್ನು ಬರೆಯಿರಿ. ಕರಿಮೆಣಸಿಗೆ ಇವತ್ತು ಎಷ್ಟು ರೇಟು. ಬಸ್ಸಿನಲ್ಲಿ ಪಕ್ಕದವರು ಫೋನಿನಲ್ಲಿ ಹೇಳಿದ ಒಂದು ಮಾತು. ಆನೆ ಬಂದು ಮುರಿದ ಬಾಳೆ ಎಷ್ಟು. ಕಣದಲ್ಲಿ ಕಾಫಿ ಹರಡುವಾಗ ಯಾರು ಯಾವ ಹಾಡು ಗುನುಗಿದರು. ಅಪ್ಪ ಹೇಳಿದ ಹಾಗೆ, ನೋಡಿ ಬರೆಯಿರಿ. ಬೇಜಾರು, ಸಂತೋಷ ಎಲ್ಲ ಅದರೊಳಗೆ ತಾನಾಗಿ ಬಂದು ಕೂರುತ್ತವೆ.

ಭಾಷೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಕೊಡಗಿನಲ್ಲಿ ಒಂದೊಂದು ಮನೆಯಲ್ಲಿ ಒಂದೊಂದು ಮಾತು. ಕೊಡವ, ಅರೆಭಾಷೆ, ಮಲಯಾಳ, ತುಳು, ಯರವ. ಬರೆಯುವಾಗ ಮಾತ್ರ ಶಾಲೆಯ ಕನ್ನಡ. ಹಾಗಾಗಿ ಬರೆದದ್ದು ನಮ್ಮದಲ್ಲ ಅನ್ನಿಸುತ್ತದೆ. ಮನೆಯ ಮಾತಿನ ಪದ ಬಂದರೆ ಅದನ್ನು ಹಾಗೇ ಕನ್ನಡ ಲಿಪಿಯಲ್ಲಿ ಬರೆದುಬಿಡಿ. ಅಜ್ಜಿ ಹೇಳಿದ ಮಾತನ್ನು ತಿದ್ದಬೇಡಿ. ಪೊಲೀಸ್ ಇಲಾಖೆಯಲ್ಲಿ ದುಡಿದ ನಡಿಕೇರಿಯಂಡ ಚಿಣ್ಣಪ್ಪನವರು ಕೊಡವರ ಹಾಡು, ಗಾದೆ, ಕಟ್ಟುಪಾಡುಗಳನ್ನು ಜನರ ಬಾಯಿಂದ ಕೇಳಿ ಕನ್ನಡ ಲಿಪಿಯಲ್ಲಿ ಬರೆದಿಟ್ಟರು. ಅದು 1924ರಲ್ಲಿ ‘ಪಟ್ಟೋಲೆ ಪಳಮೆ’ಯಾಗಿ ಅಚ್ಚಾಯಿತು. ನೂರು ವರ್ಷದ ಹಿಂದಿನ ಆ ಮಾತುಗಳು ನಮಗೆ ಸಿಕ್ಕಿರುವುದು ಅವರು ಕೇಳಿದ್ದನ್ನು ಬರೆದುಕೊಂಡದ್ದರಿಂದ.

ಹೆಣ್ಣುಮಕ್ಕಳು ‘ಮನೆ ಕೆಲಸದ ಮಧ್ಯೆ ಎಲ್ಲಿಂದ’ ಅಂದಾಗ ನಾನು ಕಥೆಗಾರ್ತಿ ಕೊಡಗಿನ ಗೌರಮ್ಮನವರನ್ನು ನೆನೆಸಿಕೊಳ್ಳುತ್ತೇನೆ. 1912ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದವರು. ಮದುವೆಯಾಗಿ ಸುಂಟಿಕೊಪ್ಪದ ಹತ್ತಿರದ ಎಸ್ಟೇಟಿನಲ್ಲಿದ್ದರು. 1939ರಲ್ಲಿ, ಇಪ್ಪತ್ತೇಳನೇ ವಯಸ್ಸಿಗೆ, ನೀರಿನಲ್ಲಿ ಮುಳುಗಿ ತೀರಿಕೊಂಡರು. ಅಷ್ಟರಲ್ಲಿ 21 ಕಥೆ ಬರೆದಿದ್ದರು. ಸಂಖ್ಯೆ ದೊಡ್ಡದಲ್ಲ, ಅಲ್ವಾ? ಆದರೆ ಸುಂಟಿಕೊಪ್ಪದ ದಾರಿಯಲ್ಲಿ ಬಸ್ಸು ಹೋಗುವಾಗಲೆಲ್ಲ ನನಗೆ ಅವರ ಮೇಲೆ ಪ್ರೀತಿ ಉಕ್ಕುತ್ತದೆ.

ಮನೆಯವರಿಗೆ ಹೇಳಿ, ಬಾಯಿ ಬಿಟ್ಟು ಹೇಳಿ

ಕದ್ದು ಬರೆಯುವುದು ತುಂಬಾ ದಿನ ನಡೆಯುವುದಿಲ್ಲ. ನಾನು ಅತ್ತೆಯ ಹತ್ತಿರ ಹೇಳಿದ್ದು ಇಷ್ಟೇ: “ಅತ್ತೆ, ಮಳೆ ನೋಡಿ ಬಂದ ಮೇಲೆ ಹತ್ತು ನಿಮಿಷ ನಾನು ಪುಸ್ತಕದ ಹತ್ತಿರ ಇರುತ್ತೇನೆ. ಮಕ್ಕಳು ಕೇಳಿದರೆ ನೀವು ನೋಡಿಕೊಳ್ಳುತ್ತೀರಾ?”

“ಏನು ಬರೀತೀ ಅಷ್ಟೊತ್ತು?”

“ನಿನ್ನೆಯ ಲೆಕ್ಕ.”

“ಲೆಕ್ಕ ಬರೆಯಲೇಬೇಕಲ್ಲ ಮಗಳೇ. ಬರಿ, ನಾನು ನೋಡ್ತೇನೆ.”

ಎರಡನೇ ವರ್ಷದಿಂದ ಅತ್ತೆಯೇ “ನಿನ್ನೆ ನಾನು ಹೇಳಿದ್ದು ಬರೆದೆಯಾ?” ಅಂತ ಕೇಳತೊಡಗಿದರು. ಕೇಳುವಾಗ ಎಷ್ಟು ಹೊತ್ತು ಬೇಕು ಅಂತ ನಿಮಿಷದಲ್ಲಿ ಹೇಳಿ, ಆ ನಿಮಿಷಕ್ಕೆ ಸರಿಯಾಗಿ ಎದ್ದುಬಿಡಿ. ಹತ್ತು ಅಂದು ಮುಕ್ಕಾಲು ಗಂಟೆ ಕೂತರೆ ಮುಂದಿನ ವಾರ ಆ ಹತ್ತೂ ಸಿಗುವುದಿಲ್ಲ.

ಬೇರೆಯವರು ಓದಿಬಿಡುತ್ತಾರೆ ಅನ್ನುವ ಭಯ ನಿಜವಾದದ್ದು. ಅದನ್ನು ಸಣ್ಣದು ಅಂತ ತಳ್ಳಿಹಾಕಬೇಡಿ. ನನ್ನ ಹತ್ತಿರ ಎರಡು ಪುಸ್ತಕ ಇವೆ. ಮಳೆ ಪುಸ್ತಕ ಎಲ್ಲರಿಗೂ ತೆರೆದದ್ದು. ಇನ್ನೊಂದು ಆಫೀಸಿನ ಬ್ಯಾಗಿನಲ್ಲಿರುತ್ತದೆ, ಅದು ನನ್ನೊಬ್ಬಳದ್ದು.

ವರ್ಷದ ಲೆಕ್ಕ

ಪೇಟೆಯವರ ಪುಸ್ತಕಗಳು ‘ದಿನಾ ಒಂದೇ ಅಳತೆ’ ಅನ್ನುತ್ತವೆ. ತೋಟದ ಬದುಕಿಗೆ ಅದು ಹೊಂದುವುದಿಲ್ಲ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಮೊದಲು ಅರೇಬಿಕಾ, ಆಮೇಲೆ ರೊಬಸ್ಟಾ ಕುಯ್ಲು. ಆಳು ಕರೆತರುವುದು, ಹಣ್ಣು ಅಳೆಯುವುದು, ಕಣ ಕಾಯುವುದು. ಆ ನಾಲ್ಕು ತಿಂಗಳು ಒಂದು ಸಾಲಿಗಿಂತ ಜಾಸ್ತಿ ಆಸೆ ಪಡಬೇಡಿ. ಆದರೆ ಆ ಒಂದು ಸಾಲನ್ನು ಬಿಡಬೇಡಿ. ವರ್ಷದಲ್ಲಿ ಅತಿ ಹೆಚ್ಚು ಜನ, ಮಾತು, ಜಗಳ, ನಗು ಸಿಗುವ ಕಾಲ ಅದೇ. ಒಂದೊಂದು ಸಾಲಿನಲ್ಲಿ ಅದನ್ನೆಲ್ಲ ಬೀಜದ ಹಾಗೆ ತೆಗೆದಿಡಿ.

ಏಪ್ರಿಲ್, ಮೇ ಮದುವೆ, ನೆಂಟರು, ಪ್ರವಾಸಿಗರ ಕಾಲ. ಹೇಗೋ ದಾಟಿ.

ಜೂನಿನಿಂದ ಸೆಪ್ಟೆಂಬರ್ ನಮ್ಮ ನಿಜವಾದ ಬರೆಯುವ ಕಾಲ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕಕ್ಕಡದ ತಿಂಗಳಲ್ಲಿ ಹೊರಗೆ ಹೋಗಲಾಗದ ಮಳೆ. ಸಂಜೆ ಬೇಗ ಕತ್ತಲು, ಒಲೆಯ ಹತ್ತಿರ ಬೆಚ್ಚಗೆ. ಈ ಸಮಯಕ್ಕೆ ಮೊದಲೇ ತಯಾರಿ ಬೇಕು. ಮೇ ಕೊನೆಗೇ ಎರಡು ನೋಟ್‌ಬುಕ್, ನಾಲ್ಕು ಪೆನ್ನು, ಚಾರ್ಜ್ ಮಾಡುವ ದೀಪ ಮನೆಗೆ ತಂದಿಡಿ. ಕುಯ್ಲಿನ ಸಾಲುಗಳನ್ನು ತೆಗೆದು, ವಾರಕ್ಕೆ ಒಂದನ್ನು ಆರಿಸಿ, ಒಂದು ಪುಟ ಮಾಡಿ. ಜೂನ್‌ನಿಂದ ಸೆಪ್ಟೆಂಬರ್ ಮೊದಲ ವಾರದ ಕೈಲ್ ಪೊಳ್ದ್ ಹಬ್ಬದ‌ವರೆಗೆ ಹದಿಮೂರು ವಾರ. ಹದಿಮೂರು ಪುಟ ಕೈಯಲ್ಲಿರುತ್ತದೆ. ಮಳೆಗಾಲದಲ್ಲಿ ನಮಗೆ ಬರೀ ನೆಮ್ಮದಿಯೇ ಇರುತ್ತದೆ ಅಂತ ನಾನು ಹೇಳುವುದಿಲ್ಲ. 2018ರ ಆಗಸ್ಟಿನಲ್ಲಿ ಗುಡ್ಡಗಳು ಜಾರಿದ ಮೇಲೆ ಜೋರು ಮಳೆ ಬಂದರೆ ಎದೆ ಹೊಡೆದುಕೊಳ್ಳುತ್ತದೆ. ಅಂಥ ರಾತ್ರಿ ಗಂಟೆ ಮತ್ತು ಮಳೆಯ ಸದ್ದು ಮಾತ್ರ ಬರೆಯುತ್ತೇನೆ. ಅದೂ ಬರೆದದ್ದೇ.

ಸಾಲು ಪುಟವಾಗುವುದು ಹೇಗೆ

ನನ್ನ ಪುಸ್ತಕದ ನಾಲ್ಕು ಸಾಲು ನೋಡಿ. ಇದರಲ್ಲಿ ಬರುವ ಹೂಮಳೆ ಅಂದರೆ ಕಾಫಿ ಹೂ ಅರಳಿಸುವ ಬೇಸಿಗೆಯ ಮಳೆ.

ಮಾರ್ಚ್ 12. ಸೊನ್ನೆ. ಪಕ್ಕದ ತೋಟದಲ್ಲಿ ಸ್ಪ್ರಿಂಕ್ಲರ್ ಹಾಕಿದ್ದಾರೆ. ರಾತ್ರಿಯಿಡೀ ಪಂಪಿನ ಸದ್ದು.

ಮಾರ್ಚ್ 15. ಸೊನ್ನೆ. ತೋಡಿನಲ್ಲಿ ಪಾದ ಮುಳುಗುವಷ್ಟೂ ನೀರಿಲ್ಲ. ಅತ್ತೆ ಜಗಲಿಯಲ್ಲಿ ಕೂತು ಆಕಾಶ ನೋಡುತ್ತಿದ್ದರು.

ಮಾರ್ಚ್ 20. 85 ಸೆಂಟ್. ನಿನ್ನೆ ಸಂಜೆ ನಾಲ್ಕಕ್ಕೆ ಹೂಮಳೆ. ಅತ್ತೆ ಅಂಗಳಕ್ಕಿಳಿದು ನೆನೆದರು.

ಮಾರ್ಚ್ 28. ಸೊನ್ನೆ. ತೋಟ ಬೆಳ್ಳಗಾಗಿದೆ. ಬಾಗಿಲು ತೆರೆದರೆ ಮನೆಯೆಲ್ಲ ಹೂವಿನ ವಾಸನೆ.

ಬರೆದ ದಿನ ಇವು ನನಗೆ ಏನೂ ಅನ್ನಿಸಿರಲಿಲ್ಲ. ಜುಲೈನ ಒಂದು ಭಾನುವಾರ ಒಟ್ಟಿಗೆ ಓದಿದಾಗ ಇದರಲ್ಲಿ ಒಂದು ಬರಹ ಇದೆ ಅಂತ ಗೊತ್ತಾಯಿತು. ಮಳೆಗೆ ಕಾಯುವ ಒಬ್ಬ ಹೆಂಗಸಿನ ಬರಹ. ಆಗ ಪುಸ್ತಕದ ಪಕ್ಕ ಮೂರು ಪ್ರಶ್ನೆ ಬರೆದುಕೊಂಡೆ. ಇದಕ್ಕೆ ಮುಂಚೆ ಏನಾಗಿತ್ತು? ಅಲ್ಲಿ ಇನ್ನು ಯಾರಿದ್ದರು? ನಾನು ಯಾವುದನ್ನು ಬರೆಯದೆ ಬಿಟ್ಟೆ? ಮೂರನೆಯ ಪ್ರಶ್ನೆಗೇ ಒಳ್ಳೆಯ ಉತ್ತರ ಸಿಕ್ಕಿತು. ಮಾವ ಇದ್ದಾಗ ಹೂಮಳೆ ಬಂದ ಕೂಡಲೇ ಅವರಿಬ್ಬರೂ ಅಂಗಳಕ್ಕೆ ಇಳಿಯುತ್ತಿದ್ದರಂತೆ. ಅದನ್ನು ಅತ್ತೆ ಅವತ್ತು ಹೇಳಿದ್ದರು, ನಾನು ಬರೆದಿರಲಿಲ್ಲ. ಬರಹ ಅಲ್ಲಿಂದ ಶುರುವಾಯಿತು.

ನೀವೂ ಭಾನುವಾರ ಅರ್ಧ ಗಂಟೆ ಇಟ್ಟುಕೊಳ್ಳಿ. ಮೊದಲ ಹತ್ತು ನಿಮಿಷ ಹಳೆಯ ಸಾಲುಗಳನ್ನು ಸುಮ್ನೆ ಓದಿ. ಆಮೇಲೆ ಒಂದನ್ನು ಹಿಡಿದು ಬರೆಯಿರಿ. ಮುಂದಿನ ಮಾತು ಇನ್ನೂ ಮನಸ್ಸಿನಲ್ಲಿ ಇರುವಾಗಲೇ ನಿಲ್ಲಿಸಿ. ಆ ಮಾತಿನ ಎರಡು ಪದ ಅಂಚಿನಲ್ಲಿ ಗುರುತು ಹಾಕಿಡಿ. ಮುಂದಿನ ವಾರ ಕೂತಾಗ ಎಲ್ಲಿಂದ ಶುರು ಮಾಡಲಿ ಅನ್ನುವ ತಡಕಾಟ ಇರುವುದಿಲ್ಲ. ಆ ಅರ್ಧ ಗಂಟೆಯಲ್ಲಿ ತಿದ್ದಬೇಡಿ. ತಿದ್ದುವುದನ್ನು ಇನ್ನೊಂದು ದಿನಕ್ಕೆ ಇಡಿ. ಹಣ್ಣು ಕುಯ್ಯುವಾಗ ಕಸ ಹೆಕ್ಕುತ್ತಾ ನಿಂತರೆ ಚೀಲ ತುಂಬುವುದಿಲ್ಲ. ಅದನ್ನು ಕಣದಲ್ಲಿ ನೋಡಿಕೊಳ್ಳೋಣ.

ಒಂದು ಪುಟ ಆದಮೇಲೆ ಯಾರಾದರೂ ಒಬ್ಬರಿಗೆ ಜೋರಾಗಿ ಓದಿ ಹೇಳಿ. ನಾನು ಅತ್ತೆಗೆ ಓದುತ್ತೇನೆ. ಎಲ್ಲಿ ಅವರ ಕಣ್ಣು ಬೇರೆ ಕಡೆ ಹೋಗುತ್ತದೋ ಅಲ್ಲಿ ಸಾಲು ಸಡಿಲ ಇದೆ ಅಂತ ಗುರುತು ಹಾಕಿಕೊಳ್ಳುತ್ತೇನೆ. ಆಮೇಲೆ ಬೇಕಿದ್ದರೆ ಪತ್ರಿಕೆಗೆ ಕಳಿಸಿ. ಮಡಿಕೇರಿಯಿಂದ 1957ರಿಂದ ಬರುತ್ತಿರುವ ‘ಶಕ್ತಿ’ಯಂಥ ದಿನಪತ್ರಿಕೆ ನಮ್ಮಲ್ಲೇ ಇದೆ. ಕೊಡವ ಮತ್ತು ಅರೆಭಾಷೆಯ ಎರಡೂ ಅಕಾಡೆಮಿಗಳು ಮಡಿಕೇರಿಯಲ್ಲೇ ಇವೆ. ಆದರೆ ಮೊದಲ ವರ್ಷ ಕಳಿಸುವ ಅವಸರ ಬೇಡ ಅಂತ ನನ್ನ ಅಭಿಪ್ರಾಯ. ಕಳಿಸಿದ್ದು ವಾಪಸ್ ಬಂದರೆ ಬೆಳಗಿನ ಸಾಲಿಗೂ ಕೈ ಹೋಗುವುದಿಲ್ಲ, ಅಭ್ಯಾಸ ಇನ್ನೂ ಎಳೆಯದಿರುತ್ತದೆ.

ಕೊನೆಯದಾಗಿ ಒಂದು ಸಣ್ಣ ಕೆಲಸ ಇದೆ. ಇವತ್ತಿನ ಸಾಲು ಬರೆದಾದ ಮೇಲೆ, ಪುಸ್ತಕ ಮುಚ್ಚುವ ಮುಂಚೆ, ಅದರ ಕೆಳಗೆ ನಾಳೆಯ ತಾರೀಖನ್ನೂ ಬರೆದಿಡಿ. ಅಪ್ಪ ತಿಂಗಳ ಮೊದಲ ದಿನವೇ ಸ್ಕೇಲಿಟ್ಟು ಗೆರೆ ಎಳೆದು ಮೂವತ್ತೂ ತಾರೀಖು ಹಾಕಿಡುತ್ತಿದ್ದರು. ನಾನು ಒಂದೇ ದಿನದ್ದು ಹಾಕುತ್ತೇನೆ. ಬೆಳಿಗ್ಗೆ ಮಾಪಕ ನೋಡಿ ಬಂದು ಡಬ್ಬಿ ತೆರೆದರೆ ತಾರೀಖು ಆಗಲೇ ಅಲ್ಲಿರುತ್ತದೆ, ಪಕ್ಕದಲ್ಲಿ ಜಾಗ ಖಾಲಿ ಇರುತ್ತದೆ.